ಯುದ್ಧಕಾಲದ ವಿಮಾನ ಛಾಯಾಚಿತ್ರಗಳ ಗುರುತಿಸುವಿಕೆ (ಕರ್ನಾಟಕ)

ಯುದ್ಧಕಾಲದ ವಿಮಾನ ಛಾಯಾಚಿತ್ರಗಳ ಗುರುತಿಸುವಿಕೆ ಎಂದರೆ ಎರಡನೆಯ ಮಹಾಯುದ್ಧದ ಅವಧಿಯಲ್ಲಿ ತೆಗೆದ ಚಿತ್ರಗಳಲ್ಲಿರುವ ವಿಮಾನದ ಮಾದರಿ, ಚಿತ್ರ ತೆಗೆದ ಸ್ಥಳ ಹಾಗೂ ಕಾಲವನ್ನು ಚಿತ್ರದೊಳಗಿನ ಸಾಕ್ಷ್ಯಗಳಿಂದ ನಿರ್ಧರಿಸುವ ಕ್ರಮ. ಇಂದಿನ ಕರ್ನಾಟಕಕ್ಕೆ ಸಂಬಂಧಿಸಿದಂತೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯಲಹಂಕ ಮತ್ತು ಬೆಳಗಾವಿ ಬಳಿಯ ಸಾಂಬ್ರಾ ವಿಮಾನ ನೆಲೆಗಳು ಈ ಅಧ್ಯಯನದಲ್ಲಿ ಮುಖ್ಯವಾಗಿವೆ.

ಹಿನ್ನೆಲೆ

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದರು. ಇಲ್ಲಿ ಜೋಡಿಸಲಾದ ಹಾರ್ಲೋ ತರಬೇತಿ ವಿಮಾನವು 1941ರ ಆಗಸ್ಟ್‌ನಲ್ಲಿಯೂ, ಕರ್ಟಿಸ್ ಹಾಕ್ ಯುದ್ಧವಿಮಾನವು 1942ರ ಜುಲೈನಲ್ಲಿಯೂ ಮೊದಲ ಹಾರಾಟ ನಡೆಸಿದವು. 1943ರಲ್ಲಿ ಕಾರ್ಖಾನೆಯ ನಿರ್ವಹಣೆಯು ಅಮೆರಿಕದ ಸೇನಾ ವಾಯುಪಡೆಗೆ ಹೋಯಿತು. ನಂತರ ಅದು 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ ವಿಮಾನಗಳ ದುರಸ್ತಿ ಕೇಂದ್ರವಾಗಿ ಕೆಲಸ ಮಾಡಿತು. ಹೀಗಾಗಿ ಬೇರೆಡೆ ಸೇವೆಯಲ್ಲಿದ್ದ ಅನೇಕ ಬಗೆಯ ವಿಮಾನಗಳು ಬೆಂಗಳೂರಿನ ಚಿತ್ರಗಳಲ್ಲಿ ಕಾಣಿಸಿಕೊಳ್ಳುತ್ತವೆ.

ವಿಮಾನದ ಮಾದರಿ

ಎಂಜಿನ್‌ಗಳ ಸಂಖ್ಯೆ ಮತ್ತು ವಿನ್ಯಾಸ, ರೆಕ್ಕೆಯ ಸ್ಥಾನ, ಬಾಲದ ಆಕಾರ ಇವು ಮೊದಲು ಗಮನಿಸಬೇಕಾದ ಅಂಶಗಳು. ಕರ್ಟಿಸ್ ಹಾಕ್ ಮತ್ತು ಅದೇ ಕಂಪನಿಯ ಪಿ-40 ವಿಮಾನಗಳ ರೆಕ್ಕೆಗಳು ಒಂದೇ ತೆರನಾಗಿ ಕಾಣುತ್ತವೆ. ಆದರೆ ಹಾಕ್‌ನ ಮೂತಿ ದುಂಡಾಗಿದ್ದು, ಪಿ-40ರ ಮೂತಿ ಚೂಪಾಗಿದ್ದು ಅದರ ಕೆಳಗೆ ಗಾಳಿ ಒಳಸೇರುವ ದೊಡ್ಡ ಬಾಯಿ ಇರುತ್ತದೆ. ಹರಿಕೇನ್‌ನ ರೇಡಿಯೇಟರ್ ಹೊಟ್ಟೆಯ ಕೆಳಗೆ, ಸ್ಪಿಟ್‌ಫೈರ್‌ನದು ರೆಕ್ಕೆಗಳ ಕೆಳಗೆ ಇರುತ್ತದೆ. ಮಿಚೆಲ್ ಮತ್ತು ಲಿಬರೇಟರ್ ಬಾಂಬರ್‌ಗಳೆರಡಕ್ಕೂ ಜೋಡಿ ಬಾಲಪಟ್ಟಿಗಳಿವೆ. ಮೊದಲನೆಯದಕ್ಕೆ ಎರಡು ಎಂಜಿನ್, ಎರಡನೆಯದಕ್ಕೆ ನಾಲ್ಕು.

ಲಾಂಛನ ಮತ್ತು ಕಾಲನಿರ್ಣಯ

ಅಮೆರಿಕದ ನಕ್ಷತ್ರ ಲಾಂಛನದ ನಡುವಿನ ಕೆಂಪು ವೃತ್ತವನ್ನು 1942ರ ಮೇ ತಿಂಗಳಿನಲ್ಲಿ ತೆಗೆಯಲಾಯಿತು. 1943ರ ಜೂನ್‌ನಲ್ಲಿ ನಕ್ಷತ್ರದ ಎರಡೂ ಬದಿಗೆ ಬಿಳಿ ಪಟ್ಟಿಗಳು ಸೇರಿದವು. ಜಪಾನಿನ ಕೆಂಪು ಸೂರ್ಯನ ಗುರುತಿನೊಂದಿಗೆ ಗೊಂದಲವಾಗದಂತೆ ಭಾರತ ಹಾಗೂ ಬರ್ಮಾ ಕಡೆಯ ಬ್ರಿಟಿಷ್ ವಿಮಾನಗಳ ವೃತ್ತಲಾಂಛನದಿಂದಲೂ ಕೆಂಪು ಬಣ್ಣವನ್ನು ಕೈಬಿಡಲಾಯಿತು. ಮುಂದೆ ಕಡುನೀಲಿ ಮತ್ತು ತಿಳಿನೀಲಿ ಬಣ್ಣಗಳಷ್ಟೇ ಉಳಿದವು. ಅಮೆರಿಕದ ವಿಮಾನದ ಬಾಲದ ಸಂಖ್ಯೆಯ ಮೊದಲ ಅಂಕಿಯು ಆ ವಿಮಾನಕ್ಕೆ ಆದೇಶ ನೀಡಿದ ಹಣಕಾಸು ವರ್ಷದ ಕೊನೆಯ ಅಂಕಿಯಾಗಿರುತ್ತದೆ. ಅದು ಚಿತ್ರ ತೆಗೆದ ವರ್ಷವಲ್ಲ.

ಕಪ್ಪು-ಬಿಳುಪು ಚಿತ್ರದಲ್ಲಿ ಬಣ್ಣವನ್ನು ಊಹಿಸುವಾಗ ಎಚ್ಚರಿಕೆ ಅಗತ್ಯ. ಆರ್ಥೊಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಕೆಂಪು ಬಣ್ಣವು ಬಹುತೇಕ ಕಪ್ಪಾಗಿಯೂ ನೀಲಿ ಬಣ್ಣವು ತಿಳಿಯಾಗಿಯೂ ಮೂಡುತ್ತದೆ.

ಬೆಂಗಳೂರಿನ ಲಿಬರೇಟರ್ ಚಿತ್ರಗಳು ತಪ್ಪು ಕಾಲನಿರ್ಣಯಕ್ಕೆ ಎಡೆಮಾಡಿಕೊಡಬಲ್ಲವು. ಯುದ್ಧಾನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬೆಂಗಳೂರಿನಲ್ಲಿ ದುರಸ್ತಿಗೊಳಿಸಿ ಭಾರತೀಯ ವಾಯುಪಡೆಗೆ ನೀಡಿತು. ಅವು 1948ರಿಂದ 1968ರವರೆಗೆ ಸೇವೆಯಲ್ಲಿದ್ದವು. ಅವುಗಳಲ್ಲೊಂದು ಇಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಆದ್ದರಿಂದ ವಿಮಾನವು ಯುದ್ಧಕಾಲದ್ದಾದರೂ ಚಿತ್ರವು ಸ್ವಾತಂತ್ರ್ಯಾನಂತರದ್ದಾಗಿರಬಹುದು. ಇಂತಲ್ಲಿ ಲಾಂಛನವೇ ನಿರ್ಣಾಯಕ.

ಸ್ಥಳದ ಗುರುತು

ದಿಗಂತದ ರೇಖೆ, ಬಂಡೆಗಳು, ಮರಗಳು, ಕೆರೆಯ ಏರಿ, ಹ್ಯಾಂಗರಿನ ಚಾವಣಿ ಮತ್ತು ನೆರಳಿನ ದಿಕ್ಕುಗಳನ್ನು ಹಳೆಯ ಸರ್ವೆ ನಕ್ಷೆಗಳೊಂದಿಗೆ ಹೋಲಿಸಲಾಗುತ್ತದೆ. ನೀರಿನ ಮೇಲೆಯೂ ಇಳಿಯಬಲ್ಲ ಕ್ಯಾಟಲಿನಾ ವಿಮಾನವು ಕೆರೆಯಲ್ಲಿ ನಿಂತಿರುವ ಚಿತ್ರವು ಮದರಾಸಿನ ರೆಡ್ ಹಿಲ್ಸ್ ಕೆರೆಯದೂ ಆಗಿರಬಹುದು, ಬೆಂಗಳೂರಿನ ಬೆಳ್ಳಂದೂರು ಕೆರೆಯದೂ ಆಗಿರಬಹುದು. ರೆಡ್ ಹಿಲ್ಸ್ ಬ್ರಿಟಿಷ್ ವಾಯುಪಡೆಯ ಕ್ಯಾಟಲಿನಾ ನೆಲೆಯಾಗಿತ್ತು. ಬೆಂಗಳೂರಿಗೆ ಈ ವಿಮಾನಗಳು ದುರಸ್ತಿಗಾಗಿ ಬರುತ್ತಿದ್ದವು.

ಸ್ಥಳನಾಮ ಮತ್ತು ಆಡಳಿತ ವಿಭಾಗ

ಚಿತ್ರದ ಹಿಂಬದಿಯ ಬರಹವನ್ನು ಅಂದಿನ ಆಡಳಿತ ವಿಭಾಗಗಳ ಹಿನ್ನೆಲೆಯಲ್ಲಿ ಓದಬೇಕಾಗುತ್ತದೆ. ಇಂದಿನ ಹಾವೇರಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಬ್ರಿಟಿಷ್ ಆಳ್ವಿಕೆಯಲ್ಲಿ ಹಾನಗಲ್ಲ, ಶಿಗ್ಗಾಂವಿ ಮತ್ತು ಹಿರೇಕೆರೂರು ಪ್ರದೇಶಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ನವಾಬರ ಪ್ರತ್ಯೇಕ ಸಂಸ್ಥಾನವಾಗಿತ್ತು. ಹಳೆಯ ದಾಖಲೆಗಳಲ್ಲಿ ಶಿಗ್ಗಾಂವಿ ಕೇಂದ್ರವಾಗಿದ್ದ ತಾಲ್ಲೂಕಿಗೆ ಬಂಕಾಪುರವೆಂದೂ, ಹಿರೇಕೆರೂರು ಕೇಂದ್ರವಾಗಿದ್ದ ತಾಲ್ಲೂಕಿಗೆ ಕೋಡ ಎಂದೂ ಹೆಸರಿದೆ. ಬೆಳಗಾವಿಯೂ ಇದೇ ಪ್ರಾಂತ್ಯದಲ್ಲಿತ್ತು. ಆದುದರಿಂದ ಈ ಭಾಗದ ಮನೆಗಳಲ್ಲಿ ದೊರೆಯುವ ಚಿತ್ರದ ಮೇಲೆ ‘ಬಾಂಬೆ’ ಎಂದಿದ್ದ ಮಾತ್ರಕ್ಕೆ ಅದು ಮುಂಬಯಿ ನಗರದ್ದೆಂದು ತೀರ್ಮಾನಿಸಲಾಗದು. 1942ರಲ್ಲಿ ನಿರ್ಮಾಣವಾದ ಸಾಂಬ್ರಾ ನೆಲೆಯ ಸಾಧ್ಯತೆಯನ್ನೂ ಪರಿಶೀಲಿಸಬೇಕಾಗುತ್ತದೆ.

ಮಹತ್ವ

ಸರಿಯಾದ ಗುರುತಿಸುವಿಕೆಯು ಸೈನಿಕರ ಹಾಗೂ ಕಾರ್ಮಿಕರ ಕುಟುಂಬಗಳಿಗೆ ತಮ್ಮವರು ಎಲ್ಲಿ ಕೆಲಸ ಮಾಡಿದರು, ಕೆಲವೊಮ್ಮೆ ಎಲ್ಲಿ ಮಡಿದರು ಎಂಬುದನ್ನು ತಿಳಿಯಲು ನೆರವಾಗುತ್ತದೆ. ದಕ್ಷಿಣ ಮತ್ತು ಪೂರ್ವ ಭಾರತದ ಹಲವು ಸ್ಮಶಾನಗಳಲ್ಲಿದ್ದ ಯುದ್ಧಸಮಾಧಿಗಳನ್ನು 1952ರಲ್ಲಿ ಸ್ಥಾಪಿತವಾದ ಮದರಾಸು ಯುದ್ಧ ಸ್ಮಶಾನಕ್ಕೆ ವರ್ಗಾಯಿಸಲಾಯಿತು. ಹೀಗಾಗಿ ಸಮಾಧಿ ಇರುವ ಊರು ಮರಣ ಸಂಭವಿಸಿದ ಊರೇ ಆಗಿರಬೇಕೆಂದಿಲ್ಲ. ಇಂತಹ ಸಂದರ್ಭಗಳಲ್ಲಿ ಛಾಯಾಚಿತ್ರವು ಪೂರಕ ಆಧಾರವಾಗುತ್ತದೆ. ಮಾದರಿ, ಲಾಂಛನ, ಭೂದೃಶ್ಯ ಮತ್ತು ಬರಹ ಈ ನಾಲ್ಕೂ ಪರಸ್ಪರ ಹೊಂದಿಕೊಂಡಾಗ ಗುರುತು ಹೆಚ್ಚು ವಿಶ್ವಾಸಾರ್ಹವಾಗುತ್ತದೆ.