ಅಕ್ಷರದ ಬೀಗ, ಅಕ್ಷರದ ಕೀಲಿಕೈ

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಗಣಕಯಂತ್ರದ ಕೆಲಸದಲ್ಲಿರುವ ಮಗನೋ ಸೊಸೆಯೋ ಇಲ್ಲದ ಮನೆ ಈಗ ವಿರಳ. ಅವರ ಮಾತಿನಲ್ಲಿ ‘ಲೈಸೆನ್ಸ್’, ‘ಓಪನ್ ಸೋರ್ಸ್’ ಎಂಬ ಶಬ್ದಗಳು ಪದೇ ಪದೇ ಕೇಳಿಬರುತ್ತವೆ. ಅದು ಅವರ ಕಸುಬಿನ ಮಾತು, ನಮಗೇಕೆ ಎಂದು ಹಿರಿಯರು ಸುಮ್ಮನಾಗುವುದುಂಟು. ಆದರೆ ಈ ಪುಟದ ಕನ್ನಡ ಅಕ್ಷರಗಳಿಗೂ ಆ ಶಬ್ದಗಳಿಗೂ ಇರುವ ನಂಟು ಸಣ್ಣದಲ್ಲ.

ನಾವಿರುವ ನೆಲದ ಒಂದು ಸಂಗತಿಯಿಂದಲೇ ಆರಂಭಿಸೋಣ. ಗಾಂಧೀಜಿಯವರು 1909ರಲ್ಲಿ ಹಡಗಿನಲ್ಲಿ ಕುಳಿತು ಗುಜರಾತಿಯಲ್ಲಿ ‘ಹಿಂದ್ ಸ್ವರಾಜ್’ ಬರೆದರು. ಮರುವರ್ಷ ಅದರ ಇಂಗ್ಲಿಷ್ ಅನುವಾದ ಹೊರಬಂದಾಗ, ಯಾವ ಹಕ್ಕನ್ನೂ ಕಾದಿರಿಸಿಲ್ಲ ಎಂದು ಅಚ್ಚುಹಾಕಿಸಿದರು. ಬೇಕಾದವರು ಮುದ್ರಿಸಿಕೊಳ್ಳಬಹುದಿತ್ತು. ಅದೇ ಗಾಂಧೀಜಿ 1940ರ ಉಯಿಲಿನಲ್ಲಿ ತಮ್ಮ ಬರಹಗಳ ಹಕ್ಕನ್ನು ಅಹಮದಾಬಾದಿನ ನವಜೀವನ ಸಂಸ್ಥೆಗೆ ಒಪ್ಪಿಸಿದರು. ಲಾಭದ ಆಸೆ ಅವರಿಗಿರಲಿಲ್ಲವೆಂದು ಹೇಳಬೇಕಾಗಿಲ್ಲ. ಪಾಠ ಕೆಡದೆ, ಅಗ್ಗದ ಬೆಲೆಯಲ್ಲಿ ಜನರಿಗೆ ಸಿಗಲೆಂಬುದೇ ಉದ್ದೇಶವೆಂದು ನಾನು ತಿಳಿದಿದ್ದೇನೆ. ಕಾನೂನಿನ 60 ವರ್ಷ ಮುಗಿದು 2009ರ ಜನವರಿ 1ರಂದು ಆ ಬರಹಗಳು ಸರ್ವರ ಸೊತ್ತಾದವು. ಅವಧಿ ಹೆಚ್ಚಿಸಿರೆಂದು ನವಜೀವನದವರು ಕೇಳಲಿಲ್ಲ.

ಹಕ್ಕನ್ನು ಬಿಟ್ಟುಕೊಡುವುದು ಒಂದು ದಾರಿ, ಹಕ್ಕನ್ನು ಇಟ್ಟುಕೊಂಡೇ ಅದರಿಂದ ಕೃತಿಯನ್ನು ಕಾಯುವುದು ಇನ್ನೊಂದು. ತಂತ್ರಾಂಶದ ಲೋಕದಲ್ಲಿಯೂ ಈ ಎರಡು ದಾರಿಗಳಿವೆ. ಅಲ್ಲಿ ಈ ಜಗಳ ಹುಟ್ಟಿದ್ದು ‘ಎಡಿಟರ್’ ಎಂಬ ಉಪಕರಣದ ಸುತ್ತ ಎಂಬುದು ಸ್ವಾರಸ್ಯ. ಬಡಗಿಗೆ ಉಳಿ ಇದ್ದಂತೆ ಪ್ರೋಗ್ರಾಂ ಬರೆಯುವವರಿಗೆ ಎಡಿಟರ್.

1976ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಸಂಗಡಿಗರು ‘ಈಮ್ಯಾಕ್ಸ್’ ಎಂಬ ಎಡಿಟರನ್ನು ರೂಪಿಸಿದರು. ಯಾರು ಬೇಕಾದರೂ ಬಳಸಬಹುದು, ಸುಧಾರಿಸಿದರೆ ಆ ಸುಧಾರಣೆಯನ್ನು ಎಲ್ಲರಿಗೂ ಹಿಂದಿರುಗಿಸಬೇಕು, ಇಷ್ಟೇ ಕರಾರು. 1981ರಲ್ಲಿ ಜೇಮ್ಸ್ ಗಾಸ್ಲಿಂಗ್, ಮುಂದೆ ‘ಜಾವಾ’ ರೂಪಿಸಿ ಪ್ರಸಿದ್ಧರಾದವರು, ಯುನಿಕ್ಸ್ ಯಂತ್ರಗಳಿಗಾಗಿ ಬೇರೊಂದು ಈಮ್ಯಾಕ್ಸ್ ಬರೆದರು. ಮೊದಲು ಧಾರಾಳವಾಗಿ ಹಂಚಿ, 1983ರಲ್ಲಿ ಅದನ್ನು ಯುನಿಪ್ರೆಸ್ ಎಂಬ ಕಂಪನಿಗೆ ಮಾರಿದರು. ಸ್ಟಾಲ್‌ಮನ್ನರು ತಮ್ಮ ಹೊಸ ‘ಗ್ನೂ ಈಮ್ಯಾಕ್ಸ್’ನಲ್ಲಿ ಗಾಸ್ಲಿಂಗರ ಕೆಲವು ಭಾಗಗಳನ್ನು ಬಳಸಿಕೊಂಡಿದ್ದರು. ಕಂಪನಿ ತಡೆಯಿತು. ಅವರು ಆ ಭಾಗಗಳನ್ನು ಕಿತ್ತುಹಾಕಿ ಹೊಸದಾಗಿ ಬರೆದರು. ಜತೆಗೆ, ಬಳಸು, ತಿದ್ದು, ಹಂಚು, ಆದರೆ ಮುಂದಿನವರಿಗೆ ಬೀಗ ಹಾಕಬೇಡ ಎಂಬ ಕರಾರುಪತ್ರವನ್ನೂ ಸೇರಿಸಿದರು. ಅದು 1989ರಲ್ಲಿ ‘ಜಿ.ಪಿ.ಎಲ್.’ ಎಂಬ ಸಾಮಾನ್ಯ ಪರವಾನಗಿಯಾಯಿತು. ನವಜೀವನದ ರೀತಿಯೇ: ಹಕ್ಕು ಕೈಯಲ್ಲಿರುವುದು ಕಾಯುವುದಕ್ಕಾಗಿ.

ಇಂದು ನಮ್ಮ ಹುಡುಗರು ಬಳಸುವ ವಿ.ಎಸ್. ಕೋಡ್ ಇನ್ನೂ ಜಾಣತನದ್ದು. ಮೈಕ್ರೋಸಾಫ್ಟ್ 2015ರಲ್ಲಿ ಅದರ ಮೂಲಸಂಕೇತವನ್ನು, ಎಂದರೆ ಪ್ರೋಗ್ರಾಮರರು ಬರೆದ ಮೂಲ ಪಾಠವನ್ನು, ಎಂ.ಐ.ಟಿ. ಪರವಾನಗಿಯಲ್ಲಿ ತೆರೆದಿಟ್ಟಿತು. ಆದರೆ ಕಂಪನಿಯಿಂದ ಇಳಿಸಿಕೊಳ್ಳುವ ಸಿದ್ಧ ಪ್ರತಿಗೆ ಕಂಪನಿಯದೇ ಬೇರೆ ಕರಾರು. ಬಳಸುವವರಲ್ಲಿ ಎಷ್ಟು ಮಂದಿ ಎರಡನ್ನೂ ಓದಿದ್ದಾರೋ!

ಇನ್ನು ಕನ್ನಡದ ವಿಷಯ. ಗಣಕದಲ್ಲಿ ಕನ್ನಡ ಬೆರಳಚ್ಚಿಗೆ ಸುಲಭದ ಕೀಲಿಮಣೆ ವಿನ್ಯಾಸ ಕೊಟ್ಟವರು ಕೆ. ಪಿ. ರಾವ್. ಅವರು ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶ ಮಾಡಿ ಉಚಿತವಾಗಿ ಹಂಚಿದರು. ಇದೇ ವಿನ್ಯಾಸದ ತಳಹದಿಯ ಮೇಲೆ ಸರ್ಕಾರದ ಕೀಲಿಮಣೆ ರೂಪುಗೊಂಡಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಅಚ್ಚುಮೊಳೆ ಕಾಣದ ಊರುಗಳಲ್ಲಿದ್ದ ಹೊರನಾಡ ಕನ್ನಡಿಗರಿಗೆ ಅದು ಎಂತಹ ಉಪಕಾರವಾಯಿತೆಂದು ಸಂಘಗಳ ಆಹ್ವಾನಪತ್ರಿಕೆ ಸಿದ್ಧಪಡಿಸಿದವರಿಗೆ ಗೊತ್ತು. ಅನಂತರ ಕರ್ನಾಟಕ ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ತಂದಿತು. ಅದೂ ಉಚಿತ.

ಉಚಿತ ಹೌದು, ಮುಕ್ತವಲ್ಲ. ಹೋಳಿಗೆ ಬಡಿಸುವುದು ಬೇರೆ, ಹೂರಣದ ಹದ ಹೇಳಿಕೊಡುವುದು ಬೇರೆ. ಬರಹವಾಗಲಿ ನುಡಿಯಾಗಲಿ ಆ ವರ್ಷಗಳಲ್ಲಿ ಮೂಲಸಂಕೇತವನ್ನು ತೆರೆದಿಡಲಿಲ್ಲ. ಬರಹಕ್ಕೆ ಮುಂದೆ ಬೆಲೆ ಬಂದಾಗ ಕೆಲವರು ಗೊಣಗಿದರು. ಆ ಗೊಣಗಾಟ ನನಗೆ ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ಬಿಟ್ಟಿಯಾಗಿ ಕೊಟ್ಟವರ ದುಡಿಮೆಗೂ ಕೂಲಿ ಬೇಕು. ನನ್ನ ಆಕ್ಷೇಪ ನುಡಿಯ ವಿಷಯದಲ್ಲಿ: ಜನರ ತೆರಿಗೆಯ ಹಣದಿಂದ ಆದ ಕೆಲಸದ ಮೂಲವನ್ನು ಮೊದಲ ದಿನದಿಂದಲೇ ಜನರ ಮುಂದಿಡಬಹುದಿತ್ತು.

ಮುದ್ರಣಾಲಯಗಳ ಕಥೆ ಇನ್ನೂ ಬಿಗಿ. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯ ‘ಶ್ರೀಲಿಪಿ’ಗೆ ಗಣಕದಲ್ಲಿ ಸಿಕ್ಕಿಸುವ ‘ಡಾಂಗಲ್’ ಎಂಬ ನಿಜವಾದ ಬೀಗವೇ ಇತ್ತು. ಆಗ ತಯಾರಕರು ತಮ್ಮ ತಮ್ಮ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಕೊಡುತ್ತಿದ್ದರು. ಒಬ್ಬರ ‘ಕ’ ಇನ್ನೊಬ್ಬರ ಗಣಕದಲ್ಲಿ ಇಂಗ್ಲಿಷಿನ ಯಾವುದೋ ಚಿಹ್ನೆ. ಕನ್ನಡಕ್ಕೂ ಗುಜರಾತಿಗೂ ಜಗತ್ತಿಗೆಲ್ಲ ಒಂದೇ ಆದ ಸಂಖ್ಯೆಗಳನ್ನು 1991ರ ಯುನಿಕೋಡ್ ಕೊಟ್ಟಿತ್ತಾದರೂ ಅದು ನಮ್ಮ ಮೇಜಿಗೆ ಬರಲು ಹತ್ತಾರು ವರ್ಷ ಹಿಡಿಯಿತು.

ಆದರೆ ಅದೇ ಮಾಡ್ಯುಲರ್ ಕಂಪನಿಯಿಂದ ರೆಡ್ ಹ್ಯಾಟ್ ಪಡೆದ ಐದು ಲಿಪಿಗಳ ಅಕ್ಷರಗಳು 2004ರಲ್ಲಿ ‘ಲೋಹಿತ್’ ಎಂಬ ಹೆಸರಿನಿಂದ ಜಿ.ಪಿ.ಎಲ್. ಅಡಿಯಲ್ಲಿ ಬಿಡುಗಡೆಯಾದವು. ಮೊದಲ ಐದರಲ್ಲಿ ಗುಜರಾತಿ ಇತ್ತು. ಕನ್ನಡ ಅನಂತರ ಸೇರಿತು. (ನೆರೆಮನೆಯವರು ನಮಗಿಂತ ಮುಂದೆ!) ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಕೇದಗೆ’, ‘ಮಲ್ಲಿಗೆ’ ಅಕ್ಷರಗಳೂ ಜಿ.ಪಿ.ಎಲ್. ಕರಾರಿನಲ್ಲಿಯೇ ಬಂದವು.

ಈಗ ಇದರಿಂದ ನಮಗೇನು? ಸಂಘಗಳ ಹಳೆಯ ಸಂಚಿಕೆಗಳು, ತೀರಿಕೊಂಡ ಹಿರಿಯರು ಬೆರಳಚ್ಚು ಮಾಡಿಟ್ಟ ಮನೆತನದ ವೃತ್ತಾಂತಗಳು, ನಾಟಕಗಳು, ಲೆಕ್ಕಪತ್ರಗಳು ಸಿ.ಡಿ.ಗಳಲ್ಲಿ ಕುಳಿತಿವೆ. ಹೊಸ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಕಾಗದಕ್ಕೆ ಗೆದ್ದಲು ಹತ್ತಿದ್ದರೂ ಅರ್ಧ ಪುಟ ಓದಬಹುದಿತ್ತು.

ಬರಹ ಮತ್ತು ನುಡಿಯ ಅಕ್ಷರಸಂಖ್ಯೆಗಳು ಬಹುಮಟ್ಟಿಗೆ ಒಂದೇ ಆಗಿರುವುದು ನಮ್ಮ ಪುಣ್ಯ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಅಕ್ಷರಗಳನ್ನು ರೂಪಿಸಿದ ಅರವಿಂದ ವಿ. ಕೆ. ಅವರು ಇಂತಹ ಕಡತಗಳನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕವನ್ನು ಬರೆದು, ಮೂಲಸಂಕೇತ ಸಹಿತ ಎಲ್ಲರಿಗೂ ಬಿಟ್ಟಿದ್ದಾರೆ. ಹಳೆಯ ಕ್ರಮದಲ್ಲಿ ಅರ್ಕಾವತ್ತು ಅಕ್ಷರದ ನಂತರ ಕುಳಿತರೆ ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಈ ಸ್ಥಾನಪಲ್ಲಟವನ್ನೂ ಅದು ಮಾಡಿಕೊಡುತ್ತದೆ. ಆದರೂ ಕರಡು ತಿದ್ದದೆ ಬಿಡುವಂತಿಲ್ಲ. ಯಂತ್ರ ನಡೆಸಲು ಮೊಮ್ಮಕ್ಕಳಿದ್ದಾರೆ. ಒತ್ತಕ್ಷರ ಸರಿಯಾಗಿ ಬಿದ್ದಿದೆಯೇ ಎಂದು ಪಕ್ಕದಲ್ಲಿ ಕುಳಿತು ಓದಿ ಹೇಳಲು ಕನ್ನಡ ಬಲ್ಲ ಅಜ್ಜ ಅಜ್ಜಿಯರು ಬೇಕು.