ಪ್ಯಾಂಡೆಮ್ರಿಕ್ಸ್ ಲಸಿಕೆ ಮತ್ತು ನಾರ್ಕೊಲೆಪ್ಸಿ

ಪ್ಯಾಂಡೆಮ್ರಿಕ್ಸ್ ಎಂಬುದು 2009–10ರ ಎಚ್1ಎನ್1 (ಹಂದಿಜ್ವರ) ಜಾಗತಿಕ ಪಿಡುಗಿನ ಕಾಲದಲ್ಲಿ ಯೂರೋಪಿನ ಹಲವು ದೇಶಗಳಲ್ಲಿ ಬಳಸಲಾದ ಲಸಿಕೆ. ಇದನ್ನು ಪಡೆದ ಕೆಲವರಲ್ಲಿ, ಮುಖ್ಯವಾಗಿ ಮಕ್ಕಳು ಮತ್ತು ಹದಿಹರೆಯದವರಲ್ಲಿ, ನಾರ್ಕೊಲೆಪ್ಸಿ ಎಂಬ ನಿದ್ರಾರೋಗ ಕಾಣಿಸಿಕೊಂಡಿತು. ಲಸಿಕೆಯ ಅನಂತರ ಉಂಟಾಗುವ ಅಪರೂಪದ ಪ್ರತಿಕೂಲ ಪರಿಣಾಮಗಳನ್ನು ಹೇಗೆ ಗುರುತಿಸಲಾಗುತ್ತದೆ ಎಂಬುದಕ್ಕೆ ಈ ಪ್ರಕರಣವು ಒಂದು ಪ್ರಮುಖ ನಿದರ್ಶನವಾಗಿದೆ.

ರೋಗದ ಸ್ವರೂಪ

ನಾರ್ಕೊಲೆಪ್ಸಿಯು ಮಿದುಳಿಗೆ ಸಂಬಂಧಿಸಿದ ದೀರ್ಘಕಾಲದ ಕಾಯಿಲೆ. ರೋಗಿಗೆ ಹಗಲಿನಲ್ಲಿಯೇ ತಡೆಯಲಾಗದಷ್ಟು ನಿದ್ರೆ ಬರುತ್ತದೆ. ನಗು, ಅಚ್ಚರಿ ಮೊದಲಾದ ಭಾವಾವೇಗದ ಸಂದರ್ಭದಲ್ಲಿ ಸ್ನಾಯುಗಳು ಹಠಾತ್ತನೆ ಬಲ ಕಳೆದುಕೊಳ್ಳುವುದೂ ಉಂಟು. ಇದಕ್ಕೆ ಕ್ಯಾಟಪ್ಲೆಕ್ಸಿ ಎಂದು ಹೆಸರು. ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ, ಎಚ್ಚರವನ್ನು ಕಾಪಾಡುವ ಹೈಪೊಕ್ರೆಟಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ನರಕೋಶಗಳು ನಾಶವಾಗುವುದೇ ಇಂತಹ ರೋಗಕ್ಕೆ ಕಾರಣ. ನಾಶವಾದ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಔಷಧಗಳಿಂದ ರೋಗಲಕ್ಷಣಗಳನ್ನು ಹತೋಟಿಯಲ್ಲಿಡಬಹುದೇ ಹೊರತು ರೋಗವನ್ನು ಪೂರ್ಣವಾಗಿ ಗುಣಪಡಿಸಲಾಗುವುದಿಲ್ಲ. ಶಾಲೆಗೆ ಹೋಗುವ ಮಕ್ಕಳ ಕಲಿಕೆ ಹಾಗೂ ಸ್ನೇಹಸಂಬಂಧಗಳ ಮೇಲೆ ಇದರ ಪರಿಣಾಮ ಗಂಭೀರವಾದುದು.

ಲಸಿಕೆಯ ಹಿನ್ನೆಲೆ

ಗ್ಲಾಕ್ಸೊಸ್ಮಿತ್‌ಕ್ಲೈನ್ ಸಂಸ್ಥೆ ತಯಾರಿಸಿದ ಈ ಲಸಿಕೆಗೆ 2009ರ ಸೆಪ್ಟೆಂಬರ್‌ನಲ್ಲಿ ಯೂರೋಪಿನಲ್ಲಿ ಅನುಮತಿ ದೊರೆಯಿತು. ಇದರಲ್ಲಿ ನಿಷ್ಕ್ರಿಯಗೊಳಿಸಿದ ವೈರಾಣುವಿನ ಅಂಶಗಳ ಜೊತೆಗೆ ಎಎಸ್03 ಎಂಬ ಸಹಾಯಕ ದ್ರವ್ಯವೂ ಇತ್ತು. ಸ್ಕ್ವಾಲೀನ್ ಎಣ್ಣೆ, ಇ ಜೀವಸತ್ವ ಮುಂತಾದವುಗಳಿಂದ ಕೂಡಿದ ಈ ದ್ರವ್ಯವು ಕಡಿಮೆ ಪ್ರಮಾಣದ ವೈರಾಣು ಅಂಶದಿಂದಲೇ ಹೆಚ್ಚಿನ ರೋಗನಿರೋಧಕ ಪ್ರತಿಕ್ರಿಯೆಯನ್ನು ಪಡೆಯಲು ನೆರವಾಗುತ್ತದೆ. ಯೂರೋಪಿನಲ್ಲಿ ಸುಮಾರು 3 ಕೋಟಿ ಜನರು ಈ ಲಸಿಕೆಯನ್ನು ಪಡೆದರು. ಫಿನ್ಲೆಂಡ್ ಮತ್ತು ಸ್ವೀಡನ್ ದೇಶಗಳಲ್ಲಿ ಮಕ್ಕಳಿಗೂ ವ್ಯಾಪಕವಾಗಿ ನೀಡಲಾಯಿತು.

ಸಂದೇಹ ಮತ್ತು ತನಿಖೆ

2010ರಲ್ಲಿ ಈ ಎರಡು ದೇಶಗಳ ವೈದ್ಯರು ಮಕ್ಕಳಲ್ಲಿ ನಾರ್ಕೊಲೆಪ್ಸಿ ಎಂದಿಗಿಂತ ಹೆಚ್ಚಾಗಿರುವುದನ್ನು ಗಮನಿಸಿದರು. ಆ ವರ್ಷದ ಆಗಸ್ಟ್‌ನಲ್ಲಿ ಅಧಿಕೃತ ತನಿಖೆ ಆರಂಭವಾಯಿತು. ತನಿಖೆ ಮುಗಿಯುವ ಮೊದಲೇ, ಮುನ್ನೆಚ್ಚರಿಕೆಯ ಕ್ರಮವಾಗಿ, ಫಿನ್ಲೆಂಡ್ ಈ ಲಸಿಕೆಯ ಬಳಕೆಯನ್ನು ನಿಲ್ಲಿಸಿತು.

ಲಸಿಕೆಯ ನಂತರ ರೋಗ ಬಂದಿತೆಂಬ ಮಾತ್ರಕ್ಕೆ ಲಸಿಕೆಯಿಂದಲೇ ಬಂದಿತೆಂದು ಹೇಳಲಾಗದು. ಫಿನ್ಲೆಂಡಿನಲ್ಲಿ 4ರಿಂದ 19 ವರ್ಷದವರ ಪೈಕಿ ಸುಮಾರು ಮುಕ್ಕಾಲು ಪಾಲು ಮಂದಿ ಲಸಿಕೆ ಪಡೆದಿದ್ದರು. ಆದ್ದರಿಂದ ಯಾವುದೇ ಸಂಬಂಧವಿಲ್ಲದಿದ್ದರೂ ರೋಗಿಗಳಲ್ಲಿ ಬಹುಪಾಲು ಜನ ಲಸಿಕೆ ಪಡೆದವರೇ ಆಗಿರುತ್ತಿದ್ದರು. ಲಸಿಕೆ ಪಡೆದವರಲ್ಲಿ ಮತ್ತು ಪಡೆಯದವರಲ್ಲಿ ರೋಗದ ಪ್ರಮಾಣ ಎಷ್ಟೆಂದು ಹೋಲಿಸಿ ನೋಡಿದಾಗ ಮಾತ್ರ ಉತ್ತರ ದೊರೆಯುತ್ತದೆ.

2012ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದ ಪ್ರಕಾರ, ಈ ವಯೋಮಾನದಲ್ಲಿ ಒಂದು ಲಕ್ಷ ಜನರಿಗೆ ವರ್ಷಕ್ಕೆ ರೋಗದ ಪ್ರಮಾಣವು ಲಸಿಕೆ ಪಡೆದವರಲ್ಲಿ 9.0, ಪಡೆಯದವರಲ್ಲಿ 0.7 ಆಗಿತ್ತು, ಅಂದರೆ ಸುಮಾರು 12.7 ಪಟ್ಟು ಅಂತರ. ಲಸಿಕೆ ಪಡೆದ ಸುಮಾರು 16,000 ಮಕ್ಕಳು ಮತ್ತು ಹದಿಹರೆಯದವರಲ್ಲಿ ಒಬ್ಬರಿಗೆ ಈ ಅಪಾಯವಿತ್ತೆಂದು ಅಂದಾಜಿಸಲಾಯಿತು. 2013ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವು ಅಪಾಯವನ್ನು 52,000ದಿಂದ 57,500 ಡೋಸ್‌ಗಳಿಗೆ ಒಂದು ಎಂದು ಲೆಕ್ಕಹಾಕಿತು. ಸುದ್ದಿಮಾಧ್ಯಮಗಳ ಪ್ರಚಾರದಿಂದ ರೋಗಪತ್ತೆ ಬೇಗನೆ ಆಗಿ ಅಂಕಿ ಹಿಗ್ಗಿರಬಹುದೇ ಎಂಬ ಪ್ರಶ್ನೆಯನ್ನೂ ಸಂಶೋಧಕರು ಪರಿಶೀಲಿಸಿದರು. ಆದರೆ ಅಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣವಾಗಲು ಸಾಧ್ಯವಿರಲಿಲ್ಲ.

ಕಾರಣದ ವಿವರಣೆ

ರೋಗಕ್ಕೆ ತುತ್ತಾದ ಬಹುತೇಕ ಎಲ್ಲರಲ್ಲಿಯೂ ಎಚ್‌ಎಲ್‌ಎ-ಡಿಕ್ಯೂಬಿ1*06:02 ಎಂಬ ವಂಶವಾಹಿ ರೂಪವಿತ್ತು. ಆದರೆ ಈ ವಂಶವಾಹಿ ರೂಪವುಳ್ಳವರಲ್ಲಿ ಹೆಚ್ಚಿನವರಿಗೆ ಈ ರೋಗ ಬರುವುದೇ ಇಲ್ಲ. ವೈರಾಣುವಿನ ಅಂಶವೊಂದು ಹೈಪೊಕ್ರೆಟಿನ್ ವ್ಯವಸ್ಥೆಯ ಅಂಶವನ್ನು ಹೋಲುವುದರಿಂದ ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ನರಕೋಶಗಳ ಮೇಲೆ ದಾಳಿ ಮಾಡಿರಬಹುದು ಎಂಬುದು ಒಂದು ಸಿದ್ಧಾಂತ. ಬೀಜಿಂಗ್‌ನಲ್ಲಿ ಬಹುತೇಕ ಲಸಿಕೆ ಪಡೆಯದವರಲ್ಲಿಯೂ 2009ರ ಪಿಡುಗಿನ ನಂತರ ನಾರ್ಕೊಲೆಪ್ಸಿ ಹೆಚ್ಚಿದ್ದು ವರದಿಯಾಗಿದೆ. ಹೀಗಾಗಿ ಸಹಾಯಕ ದ್ರವ್ಯ, ವೈರಾಣುವಿನ ಅಂಶ ಹಾಗೂ ಸಹಜ ಸೋಂಕು ಇವುಗಳ ಪಾತ್ರ ಎಷ್ಟೆಷ್ಟು ಎಂಬುದು ಪೂರ್ಣವಾಗಿ ಇತ್ಯರ್ಥವಾಗಿಲ್ಲ.

ಅನಂತರದ ಕ್ರಮಗಳು

2011ರ ಜುಲೈನಲ್ಲಿ ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯು 20 ವರ್ಷಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಈ ಲಸಿಕೆಯ ಬಳಕೆಯನ್ನು ನಿರ್ಬಂಧಿಸಿತು. 2015ರಲ್ಲಿ ಲಸಿಕೆಯ ಮಾರಾಟ ಪರವಾನಗಿ ಕೊನೆಗೊಂಡಿತು. ಫಿನ್ಲೆಂಡ್ ಮತ್ತು ಸ್ವೀಡನ್‌ನಲ್ಲಿ ಬಾಧಿತರಿಗೆ ಪರಿಹಾರ ನೀಡಲಾಯಿತು. ಸ್ವೀಡನ್ 2016ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಾನೂನನ್ನೇ ರೂಪಿಸಿತು.

ಮಹತ್ವ

ಹದಿನಾರು ಸಾವಿರಕ್ಕೊಬ್ಬರಲ್ಲಿ ಕಾಣುವ ಪರಿಣಾಮವು ಕೆಲವು ಸಾವಿರ ಜನರ ಮೇಲೆ ನಡೆಯುವ ಪ್ರಯೋಗಗಳಲ್ಲಿ ಗೋಚರಿಸುವ ಸಂಭವ ಕಡಿಮೆ. ಆದಕಾರಣ ಅನುಮತಿ ದೊರೆತ ಬಳಿಕವೂ ಲಸಿಕೆಗಳ ಮೇಲೆ ನಿಗಾ ಇರಿಸುವುದು ಅನಿವಾರ್ಯ. ಈ ಫಲಿತಾಂಶವು ಪ್ಯಾಂಡೆಮ್ರಿಕ್ಸ್‌ಗೆ ಸಂಬಂಧಿಸಿದುದೇ ಹೊರತು ಎಲ್ಲ ಫ್ಲೂ ಲಸಿಕೆಗಳಿಗೆ ಅನ್ವಯಿಸುವುದಿಲ್ಲ. ಪ್ರತಿವರ್ಷ ನೀಡುವ ಸಾಮಾನ್ಯ ಫ್ಲೂ ಲಸಿಕೆಗಳಲ್ಲಿ ಎಎಸ್03 ಇರುವುದಿಲ್ಲ. ಆರಂಭದಲ್ಲಿ ವೈದ್ಯರು ತಮ್ಮ ಸಂದೇಹವನ್ನು ವರದಿ ಮಾಡಿದ್ದರಿಂದ ಮತ್ತು ಆ ದೇಶಗಳಲ್ಲಿ ಲಸಿಕೆಯ ಹಾಗೂ ರೋಗದ ದಾಖಲೆಗಳು ಕ್ರಮಬದ್ಧವಾಗಿದ್ದುದರಿಂದ ಸತ್ಯಾಂಶವು ಶೀಘ್ರವಾಗಿ ಹೊರಬಂದಿತು.