ಲೂಪಸ್ ಇರುವವರಿಗೆ ಎದೆನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರಬೇಡಿ

ಮಲಗಿದರೆ ಎದೆನೋವು ಹೆಚ್ಚು, ಎದ್ದು ಕುಳಿತು ಮುಂದಕ್ಕೆ ಬಾಗಿದರೆ ಕಡಿಮೆ. ಜೋರಾಗಿ ಉಸಿರೆಳೆದರೆ ಚುಚ್ಚಿದಂತಾಗುತ್ತದೆ. ಇಂಥ ನೋವಿಗೆ ಹಲವರು ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಸುಮ್ಮನಾಗುತ್ತಾರೆ. ಆದರೆ ಲೂಪಸ್ ಇರುವವರಲ್ಲಿ ಇದು ಹೃದಯದ ಹೊರಪೊರೆಯ ಉರಿಯೂತ, ಅಂದರೆ ಪೆರಿಕಾರ್ಡೈಟಿಸ್ ಆಗಿರಬಹುದು.

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಲೂಪಸ್. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಹೆಚ್ಚಿನವರಿಗೆ 15ರಿಂದ 45 ವರ್ಷದೊಳಗೆ ಶುರುವಾಗುತ್ತದೆ. ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಹೃದಯದ ತೊಂದರೆ ಎಲ್ಲಿಂದ ಬರಬೇಕು ಎಂಬ ಮನೆಯವರ ಧೈರ್ಯವೇ ಎಷ್ಟೋ ಸಲ ಚಿಕಿತ್ಸೆ ತಡವಾಗಲು ಕಾರಣ.

ಹೃದಯದ ಯಾವ ಭಾಗಕ್ಕೆ ಪೆಟ್ಟು?

ಹೆಚ್ಚಾಗಿ ಹೊರಪೊರೆಗೆ. ಸುಮಾರು ನಾಲ್ವರು ಲೂಪಸ್ ರೋಗಿಗಳಲ್ಲಿ ಒಬ್ಬರಿಗೆ ಒಂದಲ್ಲ ಒಂದು ಹಂತದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಪೊರೆಯೊಳಗೆ ನೀರು ತುಂಬಿ ಹೃದಯವನ್ನೇ ಅಮುಕುವುದು ಅಪರೂಪ. ಹಾಗಾದರೆ ಮಾತ್ರ ತಕ್ಷಣ ನೀರು ತೆಗೆಯಬೇಕು. ಹೃದಯದ ಸ್ನಾಯುವಿನ ಉರಿಯೂತ ಕಡಿಮೆ ಜನರಿಗೆ ಬಂದರೂ ಹೆಚ್ಚು ಅಪಾಯಕಾರಿ. ಏದುಸಿರು, ಎದೆಬಡಿತ, ಕಾಲು ಊತ ಇದರ ಲಕ್ಷಣಗಳು. ಕವಾಟಗಳ ಮೇಲೆ ಸಣ್ಣ ಗಂಟುಗಳು ಬೆಳೆಯುವುದನ್ನು 1924ರಲ್ಲಿ ನ್ಯೂಯಾರ್ಕ್‌ನ ವೈದ್ಯರಾದ ಲಿಬ್‌ಮನ್ ಮತ್ತು ಸ್ಯಾಕ್ಸ್ ವಿವರಿಸಿದ್ದರು.

ಟಿಬಿಯೋ, ಲೂಪಸ್ಸೋ?

ನಮ್ಮ ದೇಶದಲ್ಲಿ ಇದೇ ಕಷ್ಟದ ಪ್ರಶ್ನೆ. ಜ್ವರ, ತೂಕ ಇಳಿಕೆ, ಹೃದಯದ ಸುತ್ತ ನೀರು ಎಂದರೆ ವೈದ್ಯರಿಗೆ ಮೊದಲು ನೆನಪಾಗುವುದು ಕ್ಷಯ. ಲೂಪಸ್‌ನಲ್ಲೂ ಇವೇ ಲಕ್ಷಣಗಳು. ಟಿಬಿ ಇದ್ದವರಿಗೆ ಅದರ ಔಷಧಿ ಇಲ್ಲದೆ ಬರೀ ಸ್ಟಿರಾಯ್ಡ್ ಕೊಟ್ಟರೆ ಸೋಂಕು ಉಲ್ಬಣಿಸಬಹುದು. ಹಾಗಾಗಿ ಇಸಿಜಿ, ಎಕೋ, ಟ್ರೊಪೊನಿನ್ ಜೊತೆಗೆ ಎಎನ್‌ಎ ರಕ್ತಪರೀಕ್ಷೆ ಮತ್ತು ಟಿಬಿ ತಪಾಸಣೆಯೂ ಬೇಕಾಗುತ್ತದೆ. ಮೊದಲೇ ಲೂಪಸ್ ಪತ್ತೆಯಾಗಿದ್ದರೆ ತುರ್ತು ವಿಭಾಗದಲ್ಲಿ ಮೊದಲ ಮಾತಿಗೇ ಅದನ್ನು ಹೇಳಿ.

ಕೋಲ್ಕತ್ತಾ ಮತ್ತು ಮಲೇರಿಯಾ ಮಾತ್ರೆ

ಸೌಮ್ಯ ಉರಿಯೂತಕ್ಕೆ ನೋವುನಿವಾರಕ, ಕಾಲ್ಚಿಸಿನ್. ತೀವ್ರವಾದರೆ ಸ್ಟಿರಾಯ್ಡ್ ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ. ಕಿಡ್ನಿಗೂ ಲೂಪಸ್ ತಗುಲಿದ್ದರೆ ನೋವಿನ ಮಾತ್ರೆಯೇ ಅಪಾಯ, ಸ್ವಂತಕ್ಕೆ ನುಂಗಬೇಡಿ. ದೀರ್ಘಕಾಲಕ್ಕೆ ಕೊಡುವುದು ಹೈಡ್ರಾಕ್ಸಿಕ್ಲೋರೋಕ್ವಿನ್. ಇದು ಮೂಲತಃ ಮಲೇರಿಯಾ ಮಾತ್ರೆ. 1898ರಲ್ಲಿ ರೊನಾಲ್ಡ್ ರಾಸ್ ಹಕ್ಕಿಗಳ ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ತೋರಿಸಿದ್ದು ಅಂದಿನ ಕಲ್ಕತ್ತಾದ ಪ್ರೆಸಿಡೆನ್ಸಿ ಜನರಲ್ ಆಸ್ಪತ್ರೆ ಆವರಣದಲ್ಲಿ. ಅದೇ ಇಂದಿನ ಎಸ್‌ಎಸ್‌ಕೆಎಂ. ಈಗ ಅಲ್ಲಿ ಲೂಪಸ್‌ಗೆ ಚಿಕಿತ್ಸೆ ನೀಡುವ ರುಮಟಾಲಜಿ ವಿಭಾಗವಿದೆ.

2020ರಲ್ಲಿ ಕೊರೊನಾಗೆ ಮದ್ದೆಂದು ಜನ ಈ ಮಾತ್ರೆಗೆ ಮುಗಿಬಿದ್ದರು. ಕ್ಲೋರೋಕ್ವಿನ್ ತಯಾರಿಸುತ್ತಿದ್ದ ಕೋಲ್ಕತ್ತಾದ ಬೆಂಗಾಲ್ ಕೆಮಿಕಲ್ಸ್ ಹೆಸರು ದೇಶವೆಲ್ಲ ಕೇಳಿಬಂತು. ಕೊರೊನಾಗೆ ಅದು ಕೆಲಸಕ್ಕೆ ಬರಲಿಲ್ಲ; ನಿಜಕ್ಕೂ ಬೇಕಿದ್ದ ಲೂಪಸ್ ರೋಗಿಗಳು ಮಾತ್ರೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದರು.

ಆರಾಮಾಯಿತೆಂದು ಈ ಮಾತ್ರೆ ನಿಲ್ಲಿಸಿದರೆ ಲೂಪಸ್ ಮತ್ತೆ ಕೆರಳಬಹುದು. ಗರ್ಭಿಣಿಯರಿಗೂ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಶುರುವಿನಲ್ಲಿ ಒಮ್ಮೆ, ಐದು ವರ್ಷದ ಬಳಿಕ ಪ್ರತಿವರ್ಷ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು.